ಅಂಜೂರದ ಹೊಟ್ಟೆಯವಳು

ಎರಡಡಿ ಉದ್ದ, ಒಂದಡಿ ಅಗಲ.
ಮುಚ್ಚಿಹೋದ ಹಲ್ಲಿನ ಆಸ್ಪತ್ರೆಯಿಂದ
ಮುನ್ನೂರೈವತ್ತಕ್ಕೆ ತಂದ ಗಾಜಿನ ಪೆಟ್ಟಿಗೆ.
ಒಂದು ಮೂಲೆ ಸೋರುತ್ತಿತ್ತು. ಎರ್ರಿಸ್ವಾಮಿ
ಸಿಲಿಕಾನ್ ಮೆತ್ತಿ, ನೀರು ತುಂಬಿ, ಕೆಳಗೆ ಪೇಪರು ಹಾಸಿ
ಮೂರು ಬೆಳಿಗ್ಗೆ ಪೇಪರು ಮುಟ್ಟಿ ನೋಡಿದ.
ಒಣಗೇ ಇತ್ತು.
ಇನ್ನು ಮೀನು.

ನೀಲಿ ಒಂದು ಬ್ಯಾಡ, ಅಂದಿದ್ದೆ ಮೊದಲೇ.
ಹದಿನಾಲ್ಕು ವರ್ಷದಿಂದ ಜೀನ್ಸ್ ವಾಷಿಂಗ್ ಯೂನಿಟ್ಟು,
ಅವನ ಕೈ ಮೊಣಕೈತನಕ ನೀಲಿ.
ದಿಂಬಿನ ಗಲೀಬು ನೀಲಿ, ಬಾಗಿಲ ಚಿಲಕ ನೀಲಿ,
ಮಗಳು ಹುಟ್ಟಿದ ದಿನ ಎತ್ತಿಕೊಂಡನಲ್ಲ,
ಬಿಳಿ ಟವೆಲಿನ ಮೇಲೆ ಐದು ಬೆರಳು ನೀಲಿ.
(ಆ ಟವೆಲು ಇನ್ನೂ ಇಟ್ಟಿದ್ದೇನೆ, ಅದು ಬೇರೆ ಮಾತು.)

ಕೌಲ್ ಬಜಾರಿನ ಗಲ್ಲಿ, ವನ್ನೂರ ವಲಿಯ ಅಂಗಡಿ.
ಹೊರಗೆ ರೆಪ್ಪೆ ಸುಡುವ ಬಿಸಿಲು, ಒಳಗೆ ಗುಳುಗುಳು.
ಮೊದಲು ತೋರಿಸಿದ್ದು ಫ್ಲವರ್‌ಹಾರ್ನ್,
ಹಣೆಯ ಮೇಲೆ ಕುಂಬಳಕಾಯಿ ಹೊತ್ತ ಸಾಹುಕಾರ.
"ಅದಿರಿನ ಕಾಲದಾಗ ಕೇಳಿದಷ್ಟು ಕೊಟ್ಟು ಒಯ್ತಿದ್ರು ಯಕ್ಕ,
ಮನಿಗೆ ಅದೃಷ್ಟ ಅಂತ."
ಆಮೇಲೆ?
"ಆಮೇಲೆ ಬಕೆಟ್ಟಿನಾಗ ವಾಪಸ್ ತಂದು ಬಿಟ್ಟು ಹೋದ್ರು."

ಆಸ್ಕರ್ ಮರಿ ಮುದ್ದು.
ವರ್ಷ ತುಂಬುವುದರೊಳಗೆ ತಿರುಗಲು ಜಾಗ ಸಾಲದೆ
ಗಾಜಿಗೆ ಮೂತಿಯಿಟ್ಟು ಸುಮ್ಮನೆ ನಿಲ್ಲುತ್ತಂತೆ.
ಒಂದೇ ರೂಮಿನ ಬಾಡಿಗೆಯವರು ನಾವು,
ಆ ನಿಲುವು ನನಗೆ ಗೊತ್ತು.

ಸುಂಕಿ ಮಾತ್ರ ಒಂದು ಗಾಜಿಗೆ ಅಂಟಿಬಿಟ್ಟಿದ್ದಳು.
ರ‍್ಯಾಮ್. ಹೆಬ್ಬೆರಳಷ್ಟು. ನೀಲಿ.
ಬ್ಯಾಡ ಅಂದವಳು ನಾನೇ ಬಗ್ಗಿದೆ:
ಇದು ಬಣ್ಣದ ಡ್ರಮ್ಮಿನದಲ್ಲ,
ತೊಳೆದರೆ ಹೋಗುವುದಲ್ಲ...
"ಹೋಗ್ತದೆ," ಅಂದ ವಲಿ. "ಇದಕ್ಕ ಮೆತ್ತನ ನೀರು ಬೇಕು.
ನಿಮ್ಮ ಬೋರಿಂದು ಹೆಂಗೈತಿ?"
ಬಿಂದಿಗೆ ತಳಕ್ಕೆ ಸುಣ್ಣ ಕಟ್ಟುತ್ತೆ,
ತೊಗರಿಬೇಳೆ ಎಷ್ಟು ಹೊತ್ತಾದರೂ ಬೇಯಲ್ಲ.
"ಹಂಗಾದ್ರ ತಿಂಗಳಿಗೆ ಮಾಸ್ತಾವು."

ಮಾಸುವುದನ್ನು ಮನೆಗೆ ತರಬೇಕೆ,
ಮಾಸಿಸುವುದೇ ಅವನ ಕೆಲಸವಾಗಿರುವಾಗ?
ಆಗ ಎರ್ರಿಸ್ವಾಮಿ ಬಾಯಿಬಿಟ್ಟ, ಆ ದಿನಕ್ಕೆ ಅದೇ ಮೊದಲು:
"ನಮ್ಮ ನೀರಿಗೆ ಯಾವುದು ಬೇಸು, ಅದನ್ನ ತೋರ್ಸು."
ಇಷ್ಟು ವರ್ಷ ನೀರನ್ನು ಬೈದವರು ನಾವು.
ಅದರ ಕಡೆಯಿಂದ ಕೇಳಿದ್ದು ಇವನೊಬ್ಬನೇ.

ವಲಿ ನಗುತ್ತ ಹಿಂದಿನ ಸಾಲಿಗೆ ಹೋದ.
ಅರ್ಧ ತೆಂಗಿನ ಚಿಪ್ಪು, ಪಕ್ಕದಲ್ಲಿ
ಎರಡು ಬೂದು ಕಡ್ಡಿಯಂಥವು.
ಬಣ್ಣ ಎಲ್ಲಿ?
"ತಡಿರಿ. ಗಂಡನ್ನ ಅಲ್ಲ, ಹೆಣ್ಣು ನೋಡ್ರಿ."
ಅವಳು ಬಂದಳು, ಬಿಲ್ಲಿನ ಹಾಗೆ ಬಾಗಿದಳು.
ಹೊಟ್ಟೆ, ಅಂಜೂರ ಸೀಳಿದಂತೆ!
ಬಾಗಿ ಅಲ್ಲೇ ನಡುಗಿದಳು, ಅವನ ಮೂತಿಯೆದುರು.
"ಕ್ರಿಬ್ ಅಂತಾರ. ಇದರಾಗ ಕರೆಯಾಕಿ ಅವಳೇ."
ಗಂಡು ಮರಳಿನಲ್ಲೇನೋ ಹುಡುಕುವ ನಟನೆ ಮಾಡಿತು.
ನಾನು ಎರ್ರಿಸ್ವಾಮಿಯನ್ನು ನೋಡಿದೆ.
ಅವನು ಬೆಲೆಯ ಚೀಟಿ ಓದುತ್ತಿದ್ದ.

ಜೋಡಿಗೆ ಇನ್ನೂರೆಂಬತ್ತು.
ಒಂದು ಪ್ಯಾಂಟಿನ ದಾರ ಕತ್ತರಿಸಿದರೆ ನನಗೆ ಒಂದೂವರೆ;
ನೂರೆಂಬತ್ತೇಳು ಪ್ಯಾಂಟು.
ಒಂದು ಹಿಡಿ ಪಾಚಿ ಮೇಲೆ ಹಾಕಿಸಿಕೊಂಡೆ.

ಹಗರಿಯ ಮರಳು ಏಳು ಸಲ ತೊಳೆದೆ,
ಕಾಯಿಚಿಪ್ಪಿಗೆ ಗರಗಸದಲ್ಲಿ ಬಾಗಿಲು ಕೊರೆದ ಅವನು.
ನೀರಿಗೆ ಮಾತ್ರ ಕೈ ಹಾಕಲಿಲ್ಲ.
"ಬಣ್ಣ ಬಿಟ್ಟೀತು," ಅಂದ,
ಮೂರು ಸಲ ಸೋಪು ಹಚ್ಚಿದ ಮೇಲೂ.
ಚಿಪ್ಪು ನಾನೇ ಇಟ್ಟೆ.

ವಾರವಿಡೀ ಇಬ್ಬರೂ ಬೂದು. ಸುಂಕಿಗೆ ಬೇಜಾರು.
ಕರೆಂಟು ಹೋದಾಗ ಲೋಟದಿಂದ ನೀರೆತ್ತಿ ಸುರಿಯುತ್ತ
ನಾನೂ ಅಂದುಕೊಂಡೆ, ಮೋಸ.
ಆಮೇಲೆ ಯಾವಾಗಲೋ ಮರಳು ಬಾಯಲ್ಲಿ ಹೊತ್ತು
ಹೊಸ್ತಿಲಾಚೆ ಉಗಿಯತೊಡಗಿದಳು.
ಉಗಿದೂ ಉಗಿದೂ ಚಿಪ್ಪು ಒಂದು ಕಡೆ ವಾಲಿತು.

ನನ್ನ ಕೈಯಲ್ಲಿ ಕತ್ತರಿ, ಮಡಿಲಲ್ಲಿ ಪ್ಯಾಂಟು.
ಅವನು ಯೋಚಿಸಲಿಲ್ಲ. ಮೊಣಕೈತನಕ ಇಳಿಸಿಬಿಟ್ಟ.
ನೀರು ನೀರಾಗಿಯೇ ಇತ್ತು.
ಚಿಪ್ಪಿನೊಳಗಿಂದ ನುಗ್ಗಿ ಬಂದಳು,
ಆ ಹೊಟ್ಟೆ, ಆ ಅಂಜೂರ,
ಆ ನೀಲಿ ಬೆರಳಿನ ಪಕ್ಕ.

"ಕಚ್ಚಿದಳು ನೋಡೇ!"
ಅಂದ ಎರ್ರಿಸ್ವಾಮಿ,
ಕೈ ತೆಗೆಯದೆ.